ಅಂಗೈ ಅಗಲದ ರೊಟ್ಟಿ

ಚೆನ್ನರಸ ದೊರೆ ಊರೂರಿಗೆ ಡಂಗುರ ಸಾರಿಸಿದ.

"ಕೇಳಿರಪ್ಪೋ ಕೇಳಿರಿ! ಐಗಳ ಶಾಲೆಯ ಮಕ್ಕಳಿಗೆ ಈ ನೆಲದ ಅಡಿಗೆ ಕಲಿಸಲು ಒಬ್ಬ ಹಿರಿಯ ಬೇಕಾಗಿದ್ದಾನೆ. ದೊರೆ ಮೂರು ಒಗಟು ಹಾಕುತ್ತಾನೆ. ಮೂರನ್ನೂ ಒಡೆದವನಿಗೆ ಬೇಡಿದ್ದು ಸಿಗುತ್ತದೆ. ಒಂದು ತಪ್ಪಿದರೂ ತಲೆ ಹೋಗುತ್ತದೆ!"

ಇದಕ್ಕೆ ಕಾರಣವಿತ್ತು. ಹಿಂದಿನ ವರ್ಷ ನಾಡಿಗೆ ಜ್ವರ ಬಂದಿತ್ತು. ಒಂದು ಹಳ್ಳಿಯಲ್ಲಿ ದೊಡ್ಡವರೆಲ್ಲ ಮಲಗಿದರು, ಏಳಲಿಲ್ಲ. ದೊರೆ ಹೋಗಿ ನೋಡಿದಾಗ ಮನೆ ತುಂಬ ಜೋಳವಿತ್ತು. ಒಲೆ ಮುಂದೆ ಮಕ್ಕಳು ಹಸಿದು ಬಿದ್ದಿದ್ದರು. ಶಾಲೆಯಲ್ಲಿ ಮಗ್ಗಿ ಕಲಿತಿದ್ದರು. ಬೇಯಿಸುವುದು ಒಬ್ಬರಿಗೂ ಬರುತ್ತಿರಲಿಲ್ಲ. ಅವತ್ತಿನಿಂದ ದೊರೆಗೆ ತುತ್ತು ಇಳಿಯಲಿಲ್ಲ. ತಪ್ಪು ತನ್ನದೇ ಅನ್ನಿಸಿತು.

ಅರಮನೆಯ ಬಾಣಸಿಗರಿಗೆಲ್ಲ ಹಿರಿಯ ಅನಂತಪ್ಪಯ್ಯ. ಅವನೇ ಮೊದಲು ಬಂದ. ನೂರು ಬಗೆಯ ಪಾಕ ಬಲ್ಲವನು.

ದೊರೆ ಕೇಳಿದ. "ಎರಡು ಕೈಯಿಂದ ಬಡಿಯುತ್ತಾರೆ. ಬಡಿದಷ್ಟೂ ಹಿಗ್ಗುತ್ತದೆ. ಬಿಸಿಗೆ ಒಡ್ಡಿ ಮೈಗೆ ನೀರು ಸವರುತ್ತಾರೆ. ಆಮೇಲೆ ಅದು ಉಸಿರು ತುಂಬಿಕೊಂಡು ಏಳುತ್ತದೆ. ಏನದು?"

"ಮದ್ದಳೆ, ಮಹಾಪ್ರಭು."

"ಮಕ್ಕಳು ಮದ್ದಳೆ ತಿಂದು ಬದುಕುತ್ತಾರೇನಯ್ಯ? ಕಟ್ಟಿರಿ ಇವನನ್ನು."

ದಂಡಿನ ಅಡಿಗೆಯ ರುದ್ರೋಜಿ ಬಂದ. ಮೀಸೆ ತಿರುವಿ, "ಜೋಳದ ರೊಟ್ಟಿ" ಅಂದ. ಸರಿ ಇತ್ತು.

ದೊರೆ ಎರಡನೆಯದು ಕೇಳಿದ. "ತುಂಬಿದ ಮನೆ. ಬಡಿದ ರೊಟ್ಟಿಯೆಲ್ಲ ಒಂದೇ ಅಗಲ. ಕೊನೆಯದೊಂದು ಮಾತ್ರ ಅಂಗೈಯಷ್ಟು. ಅದು ಯಾರದು?"

"ಮನೆಯ ಕೂಸಿನದು."

"ಕೂಸು ಉಂಡು ಮಲಗಿ ಎಷ್ಟೋ ಹೊತ್ತಾಯಿತು. ಇವನನ್ನೂ ಕಟ್ಟಿರಿ."

ಉಳಿದ ಬಾಣಸಿಗರು ಒಬ್ಬೊಬ್ಬರೇ ಹಿಂದೆ ಸರಿದರು. ಒಬ್ಬನಿಗೆ ಒಲೆ ನೆನಪಾಯಿತು, ಒಬ್ಬನಿಗೆ ಹೊಟ್ಟೆನೋವು ಬಂತು.

ಆಗ ದ್ಯಾಮ ಹೆಗಲ ಮೇಲಿನ ಕೊಡ ಇಳಿಸಿದ. ಅಡಿಗೆಮನೆಗೆ ನೀರು ಹೊರುವವನು. ಮೂವತ್ತು ತುಂಬಿರಲಿಲ್ಲ. ಅದೇ ಜ್ವರದಲ್ಲಿ ಹೆಂಡತಿ ಸಂಕವ್ವ ಹೋಗಿದ್ದಳು.

"ನಾ ಹೇಳ್ತೀನ್ರಿ, ಧಣಿ."

ಎಲ್ಲರೂ ನಕ್ಕರು. "ಒಗಟು ನಿನ್ನ ಕೊಡದೊಳಗ ಹಿಡಿಯೂದಿಲ್ಲೋ ತಮ್ಮಾ!" ಅಂದ ಒಬ್ಬ.

ದೊರೆ ನಗಲಿಲ್ಲ. "ತಲೆ ಹೋದೀತು."

"ಮನಿಯಾಗ ದಾರಿ ಕಾಯೋರು ಯಾರೂ ಇಲ್ರಿ."

"ಸರಿ. ಮೊದಲಿನದು?"

"ರೊಟ್ಟಿ ಖರೇನ್ರಿ. ಕುದಿಯೋ ಎಸರಿಗೆ ಹಿಟ್ಟು ಹಾಕಿ ನಾದತಾರ. ಬಡೀತಾರ. ಹಂಚಿನ ಮ್ಯಾಲ ಹಾಕಿ ನೀರು ಸವರತಾರ. ಆಮ್ಯಾಲ ಉಬ್ಬತೈತಿ."

"ಎರಡನೆಯದು?"

"ಅದು ರೊಟ್ಟಿ ಬಡದ ಹೆಣ್ಣಮಗಳದ್ರಿ. ಎಲ್ಲಾರ ಪಾಲು ತಗದು ಉಳಿದ ಹಿಟ್ಟಿನಾಗ ತನಗ ಒಂದು ಬಡಕೋತಾಳ. ನಮ್ಮ ಮನಿಯಾಗ ಇದ್ದವರು ಇಬ್ಬರ. ಆದರೂ ಆಕಿದು ಸಣ್ಣದ ಇರತಿತ್ತು. ನಾ ಉಂಡು ಏಳತಿದ್ದೆ. ಕೇಳಲಿಲ್ಲ."

ದೊರೆ ಮೂರನೆಯದು ಕೇಳಿದ. "ಕೈಯಲ್ಲಿ ಇರುತ್ತದೆ, ಮುಷ್ಟಿ ಬಿಚ್ಚಿದರೆ ಕಾಣುವುದಿಲ್ಲ. ಕಳ್ಳ ಒಯ್ಯಲಾರ. ಕೊಟ್ಟವರಲ್ಲೂ ಉಳಿಯುತ್ತದೆ. ಕೊಡದೆ ಹೋದರೆ ಕೈಯ ಜೊತೆಗೇ ಮಣ್ಣಾಗುತ್ತದೆ."

ದ್ಯಾಮ ತನ್ನ ಅಂಗೈ ನೋಡಿಕೊಂಡ. ತಲೆ ಕಡಿಯಲು ನಿಂತಿದ್ದ ಕಟುಕ ಕತ್ತಿ ಎತ್ತಿಕೊಂಡ. ದ್ಯಾಮನಿಗೆ ಉತ್ತರ ಗೊತ್ತಿತ್ತು. ಬಾಯಿ ಬರಲಿಲ್ಲ.

"ಹೇಳಪ್ಪ," ಅಂದ ದೊರೆ.

"ಹದ, ಧಣಿ. ಅಡಿಗಿ ಹದ. ಆಕಿ ಕೈಯಾಗಿತ್ತು. ದಿನಾ ಕರೀತಿದ್ಲು. ಬಾ, ಕೂಡ್ರು, ಹಿಟ್ಟಿಗೆ ಕೈ ಹಚ್ಚಿ ನೋಡು ಅಂತಿದ್ಲು. ನೀರು ಹೊತ್ತು ದಣದೀನಿ ಅಂದೆ. ನೀ ಅದೀಯಲ್ಲ ಅಂದೆ."

ಮೂಗು ಒರೆಸಿಕೊಂಡ.

"ಜ್ವರದಾಗ ಒಂದು ಬಟ್ಟಲ ಅಂಬಲಿ ಬೇಡಿದ್ಲು. ಕಾಸಿದೆ. ಬರೇ ಗಂಟು, ತಳ ಹತ್ತಿತ್ತು. ಚೆಂದ ಆಗೈತಿ ಅಂದು ಕುಡದ್ಲು. ಅದ ಕಡೀದು."

ಕಟುಕ ಕತ್ತಿ ಕೆಳಗಿಟ್ಟ.

"ಮೂರೂ ಒಡೆದೆ," ಅಂದ ದೊರೆ. "ಏನು ಬೇಕು ಕೇಳು."

"ಕಟ್ಟಿ ಹಾಕಿರೋ ಇಬ್ಬರ ತಲಿ ಬ್ಯಾಡ್ರಿ. ಕೈ ಬೇಕು."

ರುದ್ರೋಜಿ ಕಿರುಚಿದ. "ಅಯ್ಯೋ, ಕೈ ಕತ್ತರಿಸುತ್ತೀಯೇನೋ ಪಾಪಿ?"

"ಮೈಗೆ ಹತ್ತಿದ ಕೈನ ಬೇಕೋ ಮಾರಾಯ. ಧಣಿ, ಅರಮನಿ ಬಾಣಸಿಗರೆಲ್ಲ ವಾರಕ್ಕೊಂದು ದಿನ ಶಾಲಿಗೆ ಬರಲಿ. ಬೆಂಕಿ, ಉಪ್ಪು ಅವರಿಗೆ ಗೊತ್ತೈತಿ. ರೊಟ್ಟಿ, ಪಲ್ಯ, ಅಂಬಲಿ ಗೊತ್ತಿಲ್ಲಂದ್ರ ಊರ ಅವ್ವಗಳ ಕಡೆ ಕಲೀಲಿ. ಹುಡುಗರು, ಹುಡುಗ್ಯಾರು, ಎಲ್ಲಾರಿಗೂ ಕಲಿಸಲಿ."

"ನೀನು?"

"ನಾ ಮಕ್ಕಳ ಸಾಲಿನ್ಯಾಗ ಕೂಡ್ರತೀನಿ. ನನಗ ಬರಂಗಿಲ್ಲ."

"ಸಾಲಿನಲ್ಲೇ ಕೂತುಕೋ. ಹಿರಿಯ ಮಾತ್ರ ನೀನೇ," ಅಂದ ದೊರೆ.

ಹಾಗೇ ಆಯಿತು. ಅನಂತಪ್ಪಯ್ಯ ಒಬ್ಬ ಮುದುಕಿಯ ಮುಂದೆ ಮಂಡಿಯೂರಿ ರೊಟ್ಟಿ ಕಲಿತ, ಮರುವಾರ ಶಾಲೆಗೆ ಬಂದು ಕಲಿಸಿದ. "ಅಯ್ಯಾರ, ನೀರು ಸವರೂದು ಮರತ್ರಿ!" ಅಂತ ಮಕ್ಕಳು ಕೂಗಿದರು. ದೊರೆಯೂ ಅಲ್ಲೇ ಬಂದು ಉಂಡ. ತುತ್ತು ಇಳಿಯಿತು.

ದ್ಯಾಮನ ರೊಟ್ಟಿ ತಿಂಗಳುಗಟ್ಟಲೆ ಬಡಿಯುವಾಗಲೇ ಹರಿದುಹೋಗುತ್ತಿತ್ತು. ಒಂದು ದಿನ ಉಬ್ಬಿತು. ಅವತ್ತು ಮಕ್ಕಳಿಗೆಲ್ಲ ಅವನೇ ಬಡಿದ. ಕೊನೆಗೆ ಒಂದು ಚೂರು ಹಿಟ್ಟು ಉಳಿಯಿತು. ಅದನ್ನು ಅಂಗೈ ಅಗಲ ಬಡಿದು ಬೇಯಿಸಿಟ್ಟ. ಬಡಿಸಿ, ಒಲೆ ಆರಿಸಿ, ಹಂಚು ತೆಗೆದಿಟ್ಟು ಕೂರುವ ಹೊತ್ತಿಗೆ ಅದು ಆರಿತ್ತು. ಅಂಚು ಗಟ್ಟಿಯಾಗಿತ್ತು. ಸಂಕವ್ವ ದಿನಾ ಇದನ್ನೇ ಉಂಡಿದ್ದಳು. ಅವನಿಗೆ ಬೇಗ ನುಂಗಲಾಗಲಿಲ್ಲ.

ಮರುದಿನ ಒಂದು ಹಿಡಿ ಹಿಟ್ಟು ಹೆಚ್ಚಿಗೆ ಹಾಕಿಸಿದ. ಅಂದಿನಿಂದ ಆ ನಾಡಿನ ಶಾಲೆಗಳಲ್ಲಿ ಬಡಿದವರ ರೊಟ್ಟಿಯೂ ಎಲ್ಲರ ರೊಟ್ಟಿಯಷ್ಟೇ ಅಗಲ.

ಸಂಕವ್ವನಿಗೆ ಅದು ಸಿಗಲಿಲ್ಲ.