ಪೂರಾ ಬಾಟ್ಲಿ ಔಷಧ

ಹೊಳೆದಂಡೆಯ ಆಶ್ರಮದಲ್ಲಿ ಒಂದು ಹಳೆಯ ಕಾರಿತ್ತು. ಕೆಮ್ಮುತ್ತ, ತಡವರಿಸುತ್ತ, ಹೇಗೋ ಓಡುತ್ತಿತ್ತು.

ಅದನ್ನು ಓಡಿಸುತ್ತಿದ್ದವನು ಶಿಷ್ಯ ಮಹಾಲಿಂಗ. ಒಂದು ಮುಂಜಾನೆ ಅವನು ಬಟ್ಟೆಗಂಟು ಹಿಡಿದು ಗುರುಗಳ ಮುಂದೆ ನಿಂತ.

"ಅಜ್ಜಾರ, ನಾ ಊರಿಗೆ ಹೊಂಟೆ. ಧ್ಯಾನ ನನಗ ಒಗ್ಗಲಿಲ್ಲ."

"ಯಾಕೋ ತಮ್ಮಾ?"

"ಇಲ್ಲಿ ಬರೂಕಿಂತ ಮೊದಲ ಶಾಂತ ಇದ್ದೆ. ಈಗ ಕಣ್ಣು ಮುಚ್ಚಿದರ ಸಾಕು, ಸಿಟ್ಟು, ಹೊಟ್ಟೆಕಿಚ್ಚು, ಎಂದೋ ಮರೆತ ಜಗಳ, ಎಲ್ಲಾ ಎದ್ದು ಬರತಾವ. ನಾ ಕೆಟ್ಟೆ."

ಗುರುಗಳು ಎದ್ದರು. "ನಡಿ. ಬಸ್ಸಿನ ತನಕ ನಾನೂ ಬರತೀನಿ."

ದಾರಿ ತುಂಬ ಮಂಜು. ಕಾರು ದೋಣಿಯಂತೆ ತೇಲಿತು. ಸೇತುವೆಯ ನಡುವೆ ಎರಡು ಸಲ ಬಿಕ್ಕಳಿಸಿ ನಿಂತುಬಿಟ್ಟಿತು. ಕೆಳಗೆ ನೀರಿನ ಸದ್ದು. ನೀರು ನಿಂತು ಸೇತುವೆಯೇ ಹರಿಯುತ್ತಿದೆ ಎನಿಸಿತು ಮಹಾಲಿಂಗನಿಗೆ.

"ಏನಾತು?"

"ತಪ್ಪು ನಂದ್ರಿ. ಹೋಗೂಕಿಂತ ಮೊದಲ ಗಾಡಿ ಚಲೋ ಮಾಡೂಣಂತ ನಿನ್ನೆ ಟ್ಯಾಂಕಿಗೆ ಕೊಳೆ ತೆಗಿಯೂ ಔಷಧ ಹಾಕಿದೆ."

"ಎಷ್ಟು?"

"ಅಂಗಡ್ಯಾಂವ ಒಂದು ಮುಚ್ಚಳ ಅಂದಿದ್ದ. ಹಳೇ ಗಾಡಿ ಅಂತ ನಾ ಪೂರಾ ಬಾಟ್ಲಿ ಬಗ್ಗಿಸಿದೆ."

ಗುರುಗಳು ನಕ್ಕರು. "ತೀರ್ಥ ಚಮಚದಾಗ ಕೊಡತಾರೋ ಹುಚ್ಚಾ, ಬಿಂದಿಗ್ಯಾಗಲ್ಲ."

ಮಹಾಲಿಂಗ ಬಾನೆಟ್ ಎತ್ತಿದ. ಪೆಟ್ರೋಲು ಸೋಸುವ ಗಾಜಿನ ಬಟ್ಟಲನ್ನು ಬಿಚ್ಚಿದ. ಒಳಗೆ ಕಪ್ಪು ರಾಡಿ. ಅದರ ತಂತಿ ಜಾಳಿಗೆ ಪೂರ್ತಿ ಕಟ್ಟಿಕೊಂಡಿತ್ತು.

"ನೋಡ್ರಿ. ಹೆಂಗೋ ಓಡತಿತ್ತು. ನಾನ ಕೆಡಿಸಿದೆ."

ಗುರುಗಳು ಬಟ್ಟಲನ್ನು ಬೆಳಕಿಗೆ ಹಿಡಿದರು. "ಇದು ನಿನ್ನ ಬಾಟ್ಲ್ಯಾಗ ಇತ್ತೇನು?"

"ಇಲ್ರಿ. ಟ್ಯಾಂಕಿನ ತಳದಾಗ ಇತ್ತು. ಔಷಧ ಕದಡಿ ಮ್ಯಾಲೆ ತಂತು."

"ಎಷ್ಟು ದಿನದ್ದು?"

"ಭಾಳ ವರ್ಷದ್ದು..."

ಮಹಾಲಿಂಗ ಗುರುಗಳ ಮುಖ ನೋಡಿದ. ಅವರು ಅವನನ್ನು ನೋಡುತ್ತಿರಲಿಲ್ಲ. ತಮ್ಮ ಕಾವಿಯ ಸೆರಗಿನಿಂದ ಬಟ್ಟಲು ಒರೆಸುತ್ತಿದ್ದರು. ಕಾವಿ ಕಪ್ಪಾಗುತ್ತಿತ್ತು.

"ಅಜ್ಜಾರ, ಕೊಡ್ರಿ, ನಾ ಒರಸತೀನಿ."

ಬಟ್ಟಲು ಒರೆಸಿದ. ಕಾರಿನಲ್ಲಿಟ್ಟಿದ್ದ ಡಬ್ಬಿಯ ಪೆಟ್ರೋಲಿನಿಂದ ಜಾಳಿಗೆ ತೊಳೆದ. ಎಲ್ಲ ಮೊದಲಿನಂತೆ ಜೋಡಿಸಿ ಕೀಲಿ ತಿರುವಿದ. ಕಾರು ಕೆಮ್ಮಿತು, ನಡುಗಿತು, ಆಮೇಲೆ ಮೆಲ್ಲಗೆ ಉಸಿರಾಡತೊಡಗಿತು.

ಮಂಜಿನೊಳಗಿಂದ ಎರಡು ಹಳದಿ ದೀಪಗಳು ಬಂದವು. ಬಸ್ಸು ಪಕ್ಕಕ್ಕೆ ಬಂದು ನಿಧಾನಿಸಿತು. ಕಂಡಕ್ಟರ್ ಬಾಗಿಲಿನಿಂದ ಬಗ್ಗಿ ಕೂಗಿದ:

"ಬರೂದಾದ್ರ ಲಗೂನ ಬಾರಪಾ! ಹೊಳಿ ನೋಡಕೋಂತ ನಿಂತಿಯೇನು?"

ಗಂಟು ಹಿಂದಿನ ಸೀಟಿನಲ್ಲಿತ್ತು. ಮಹಾಲಿಂಗ ಅದರ ಕಡೆ ನೋಡಿದ. ತನ್ನ ಕಪ್ಪು ಕೈಗಳ ಕಡೆ ನೋಡಿದ.

"ನೀವು ನಡೀರಿ" ಎಂದ.

ಬಸ್ಸು ಮಂಜಿನಲ್ಲಿ ಕರಗಿತು.

ಬಾನೆಟ್ ಮುಚ್ಚುತ್ತ ಅವನು ಸಣ್ಣ ದನಿಯಲ್ಲಿ ಕೇಳಿದ: "ಅಜ್ಜಾರ, ಮತ್ತ ಕಟ್ಟಿಕೊಂಡರ?"

ಗುರುಗಳು ಕಾರು ಹತ್ತಿ ಬಾಗಿಲು ಹಾಕಿಕೊಂಡರು.

"ಕಟ್ಟೇ ಕಟ್ಟತೈತಿ. ಓಡೂ ಗಾಡಿ ಅಲ್ಲೇನು?"