ಗೊತ್ತಿಲ್ಲ ಎನ್ನದ ಕಾಜಾಣ ಮತ್ತು ಅತ್ತಿಮರದ ಗೋಷ್ಠಿ

ಈಗೇನೋ ಕೇಳಿದ್ದಕ್ಕೆಲ್ಲ ಉತ್ತರ ಹೇಳುವ ಯಂತ್ರಗಳು ಬಂದಿವೆ. ಅವು ಇಲ್ಲದ ಕಾಲದಲ್ಲಿ ಒಂದು ಕಾಡಿನವರು ಏನು ಮಾಡುತ್ತಿದ್ದರು ಅಂತೀರಾ? ಅವರ ಹತ್ತಿರ ಒಬ್ಬ ಕಾಜಾಣ ಇದ್ದ.

ಕಾಡಿನ ನಡುವೆ ಒಂದು ಮಡು. ಮಡುವಿಗೆ ಕೂಗಳತೆ ದೂರದಲ್ಲಿ ಒಂದು ದೊಡ್ಡ ಅತ್ತಿಮರ. ಅದರ ತುತ್ತತುದಿಯಲ್ಲಿ ಕಾಜಾಣನ ವಾಸ. ಹಕ್ಕಿಯ ಮೈ ಇದ್ದಿಲಿನ ಹಾಗೆ ಕಪ್ಪು, ಬಾಲ ಕತ್ತರಿ, ಗಂಟಲು ಮಾತ್ರ ಒಂದು ಸಂತೆ! ನವಿಲಿನ ಕೂಗು, ಜಿಂಕೆಯ ಕೂಗು, ಮುಸುವ ಕೋತಿಯ ಗದರಿಕೆ, ಎಲ್ಲವನ್ನೂ ಕೇಳಿ ಕೇಳಿ ಕಲಿತಿದ್ದ. ಒಮ್ಮೆ ಕಾಡುಹಂದಿಯ ಗೊರಕೆ ಹೊಡೆದು ತೋರಿಸಿದಾಗ ಹಂದಿಯ ಹೆಂಡತಿಯೇ ಮರದ ಬುಡಕ್ಕೆ ಬಂದು, "ಎದ್ದೇಳ್ರೀ, ಬಿಸಿಲು ನೆತ್ತಿಗೆ ಬಂತು" ಅಂದಿದ್ದಳು.

ಎಲ್ಲರ ಮಾತೂ ಬರುತ್ತದೆ ಅಂದಮೇಲೆ ಎಲ್ಲವೂ ಗೊತ್ತಿರಬೇಕು ಅಂತ ಕಾಡು ತಿಳಿಯಿತು.

"ಕಾಜಾಣಣ್ಣ, ನೇರಳೆ ಹಣ್ಣಾಗಿದೆಯಾ?"

"ಆಗಿದೆ. ಬಡಗಲಲ್ಲಿ ಮೂರನೇ ಮರ."

"ಕಾಜಾಣಣ್ಣ, ಮಡುವಿನ ಹತ್ತಿರ ಚಿರತೆ ಇದೆಯಾ?"

"ಇಲ್ಲ, ಹೋಗು."

ಕೇಳಿದವರ ಬಾಯಿ ಮುಚ್ಚುವ ಮೊದಲೇ ಉತ್ತರ. ಬಹಳ ಸಲ ಸರಿಯಾಗೇ ಇರುತ್ತಿತ್ತು. ಹಾಗಾಗಿ ಕೊಂಬೆಯ ಮೇಲೆ ಕಾವಲು ಕೂರುತ್ತಿದ್ದ ಮುಸುವ ಕಾಲು ಚಾಚಿ ಮಲಗಿದ. ಗಾಳಿ ಮೂಸುತ್ತಿದ್ದ ಜಿಂಕೆ ತಲೆ ಎತ್ತದೆ ಮೇಯತೊಡಗಿತು. "ಕಾಜಾಣ ಇದ್ದಾನಲ್ಲ, ನಮಗ್ಯಾಕೆ ತಲೆನೋವು?"

ಅವನಿಗೆ ಇದ್ದದ್ದು ಒಂದೇ ದೋಷ. "ಗೊತ್ತಿಲ್ಲ" ಎಂಬ ಮಾತು ಅವನ ಗಂಟಲಿನಿಂದ ಬರುತ್ತಿರಲಿಲ್ಲ.

ಬೇಸಿಗೆ ಬಂತು. ಹುಲ್ಲಿನ ಮರೆಯಲ್ಲಿ ಮೊಲಮ್ಮ ನಾಲ್ಕು ಮರಿ ಹಾಕಿದ್ದಳು. ಅವಳು ನೀರು ಕುಡಿದರೆ ಮರಿಗಳಿಗೆ ಹಾಲು. ಕಾಜಾಣ "ಚಿರತೆ ಇಲ್ಲ" ಅಂದ ದಿನ ಅವಳು ಮಡುವಿಗೆ ಹೋದಳು. ಪೊದೆಯೊಳಗಿಂದ ಚಿರತೆ ಹಾರಿತು! ಮೊಲಮ್ಮ ಬದುಕಿ ಬಂದದ್ದೇ ಪುಣ್ಯ. ಬಾಲ ಮೊದಲೇ ಹತ್ತಿ ಉಂಡೆಯಷ್ಟು, ಅದರಲ್ಲೂ ಅರ್ಧ ಅಲ್ಲೇ ಉಳಿಯಿತು. ಮಾರನೆಯ ದಿನ ಕಾಜಾಣ "ಚಿರತೆ ಇದೆ" ಅಂದ. ಅವಳು ದಿನವಿಡೀ ನಾಲಿಗೆ ಒಣಗಿಸಿಕೊಂಡು ಕೂತಳು. ಅವತ್ತು ಚಿರತೆ ಮೂರು ಗುಡ್ಡದಾಚೆ ನಿದ್ದೆ ಮಾಡುತ್ತಿತ್ತಂತೆ.

ಸುದ್ದಿ ಹಬ್ಬಿತು. ಕಾಡಿನ ಪಂಡಿತರು ಅತ್ತಿಮರದ ಮೇಲೆ ಗೋಷ್ಠಿ ಕರೆದರು. ವಿಷಯ: ಕಾಜಾಣನಿಗೆ ಏನು ನಿಯಮ ಮಾಡಬೇಕು? ಅಧ್ಯಕ್ಷತೆ ಗೂಬೆಯಜ್ಜನದು. ಹಗಲು ಹೊತ್ತಿನ ಗೋಷ್ಠಿಗೆ ಗೂಬೆ ಅಧ್ಯಕ್ಷ ಅಂದರೆ ಹೇಗಿರುತ್ತದೆ, ನೀವೇ ಲೆಕ್ಕ ಹಾಕಿ.

"ಇದು ಮುಕ್ತ ಗೋಷ್ಠಿ. ಎಲ್ಲರಿಗೂ ಸ್ವಾಗತ," ಅಂತ ಗೂಬೆಯಜ್ಜ ಅರ್ಧ ಕಣ್ಣು ತೆರೆದು ಸಾರಿದ. "ಮೂರನೇ ಕೊಂಬೆಗೆ ಹತ್ತಿ ಬಂದು ಮಾತಾಡಿ."

ಸ್ವಾಗತ ಭಾಷಣಕ್ಕೆ ಒಂದು ದಿನ ಹೋಯಿತು. ಅತಿಥಿಗಳ ಪರಿಚಯಕ್ಕೆ ಇನ್ನೊಂದು ದಿನ. ಮೂರನೆಯ ದಿನ ಮಂಗಟ್ಟೆ ಹಕ್ಕಿ ತನ್ನ ದಪ್ಪ ಕೊಕ್ಕನ್ನು ಕುಟ್ಟಿ, "ಅವನ ಕೊಕ್ಕಿಗೆ ಬಳ್ಳಿ ಕಟ್ಟಿ!" ಅಂತು.

"ಕಟ್ಟಿದರೆ ನಾನು ಮತ್ತೆ ಕಾವಲು ಕೂರಬೇಕಲ್ಲ, ಬೇಡಪ್ಪ," ಅಂದ ಮುಸುವ. "ಅವನ ಪಾಡಿಗೆ ಅವನನ್ನು ಬಿಡಿ."

"ಮೊದಲು 'ಮಾತು' ಎಂದರೇನು ಎಂಬುದನ್ನು ನಿಶ್ಚಯಿಸೋಣ," ಅಂತ ಕೊಕ್ಕರೆ ಪಂಡಿತರು ಒಂಟಿಕಾಲಿನಲ್ಲಿ ನಿಂತರು. ಎತ್ತಿದ ಇನ್ನೊಂದು ಕಾಲು ಅವತ್ತು ಇಳಿಯಲೇ ಇಲ್ಲ.

ಇವರ್ಯಾರೂ ಚಿರತೆಯ ಬಾಯಿಗೆ ಸುಲಭಕ್ಕೆ ಸಿಗುವವರಲ್ಲ. ಮೇಲೆ ಕೂತವರಿಗೆ ಉತ್ತರ ತಪ್ಪಿದರೆ ನಗು. ಕೆಳಗಿದ್ದವರಿಗೆ ಪ್ರಾಣಸಂಕಟ.

ಬುಡದಲ್ಲಿ ಮೊಲಮ್ಮ ನಿಂತಿದ್ದಳು. ಹಿಂದಿನ ಸಂಜೆಯಿಂದ ನೀರು ಮುಟ್ಟಿರಲಿಲ್ಲ. ಮರಿಗಳು ಬೆಳಗ್ಗೆ ಅತ್ತು ಅತ್ತು ಈಗ ಅಳುವುದನ್ನೂ ನಿಲ್ಲಿಸಿದ್ದವು. ಅದೇ ಅವಳಿಗೆ ಹೆಚ್ಚು ಭಯ.

"ಅಜ್ಜಾ, ನಾನೊಂದು ಮಾತು ಕೇಳಬೇಕು!"

"ಹತ್ತಿ ಬಾರಮ್ಮ, ಯಾರು ಬೇಡ ಅಂದರು?"

ಅವಳು ಹಾರಿದಳು. ಜಾರಿದಳು. ಮತ್ತೆ ಹಾರಿದಳು, ಮೂಗು ತರಚಿತು. ಮೇಲಿನಿಂದ ಅವಳ ತಲೆಗೆ ಬಿದ್ದದ್ದು ಅರ್ಧ ತಿಂದ ಅತ್ತಿಹಣ್ಣು, ಆಮೇಲೆ ಇನ್ನೊಂದು ಬಿತ್ತು. ಅದು ಹಣ್ಣಲ್ಲ, ಬಿಡಿ.

ಅಷ್ಟರಲ್ಲಿ ಕಾಡುಹಂದಿ ಬೆನ್ನು ತುರಿಸಿಕೊಳ್ಳಲು ಬಂದ.

"ಏನಮ್ಮ ಮೊಲಮ್ಮ, ಮೂಗೆಲ್ಲ ರಕ್ತ?"

"ಮಾವ, ಮೇಲೆ ಮುಕ್ತ ಗೋಷ್ಠಿ ನಡೀತಿದೆ. ನನಗೆ ಹತ್ತೋಕೆ ಆಗ್ತಿಲ್ಲ."

"ಓಹೋ! ನೀನು ಹತ್ತೋಕೆ ಆಗಲ್ಲ ಅಂದ್ರೆ ಅವರನ್ನೇ ಇಳಿಸಿದ್ರಾಯ್ತು."

ಹಂದಿ ಬೆನ್ನನ್ನು ಮರಕ್ಕೆ ಕೊಟ್ಟು ತಿಕ್ಕಿದ ನೋಡಿ! ಕೊಂಬೆಗಳೆಲ್ಲ ಗಡಗಡ. ನಿದ್ದೆಯಲ್ಲಿದ್ದ ಅಧ್ಯಕ್ಷರು ದೊಪ್ಪನೆ ಹಂದಿಯ ಬೆನ್ನಿನ ಮೇಲೇ ಬಿದ್ದು, "ವಂದನಾರ್ಪಣೆ ಆಯಿತಾ?" ಅಂದರು. ಮಂಗಟ್ಟೆ ಹಾರಿ ಇಳಿಯಿತು, ಮುಸುವ ಜಿಗಿದ, ಕೊಕ್ಕರೆ ಪಂಡಿತರು ಕೊನೆಗೂ ಎರಡು ಕಾಲಿನ ಮೇಲೆ ನಿಂತರು. ಏನಾಯಿತೆಂದು ನೋಡಲು ಕಾಜಾಣನೂ ಕೆಳಗಿನ ಕೊಂಬೆಗೆ ಬಂದ. ಜಿಂಕೆ, ಮುಂಗುಸಿ, ಮುಳ್ಳುಹಂದಿ ಎಲ್ಲ ಸುತ್ತ ಸೇರಿದವು.

ಮೊಲಮ್ಮ ಕೇಳಿದಳು, "ಮೂರು ದಿನದಿಂದ ಇವನ ವಿಷಯ ಮಾತಾಡಿದಿರಲ್ಲ, ಒಬ್ಬರಾದರೂ ಇವನನ್ನೇ ಕೇಳಿದಿರಾ?"

ಆಮೇಲೆ ಅವಳೇ ಕಾಜಾಣನ ಕಡೆ ತಿರುಗಿದಳು.

"ಕಾಜಾಣಣ್ಣ, ಈಗ ಮಡುವಿನ ಹತ್ತಿರ ಚಿರತೆ ಇದೆಯಾ?"

"ಇಲ್ಲ."

"ಕಣ್ಣಾರೆ ಕಂಡೆಯಾ?"

"ಕಂಡಿಲ್ಲ."

"ಯಾರಾದರೂ ಬಂದು ಹೇಳಿದರಾ?"

"ಅದೂ ಇಲ್ಲ."

"ಮತ್ತೆ ಯಾಕೆ ಹೇಳಿದೆ?"

"ನೀವು ಕೇಳಿದಿರಲ್ಲ!" ಅಂದ ಕಾಜಾಣ. "ಕೇಳಿದಮೇಲೆ ಹೇಳಬೇಕಲ್ಲ? ಮೊನ್ನೆ ನವಿಲಕ್ಕ 'ಗೊತ್ತಿಲ್ಲ' ಅಂದಿದ್ದಕ್ಕೆ ದಂಡಪಿಂಡ ಅಂತ ಎಲ್ಲರೂ ಬೈದಿರಿ. ನಾನು ಏನಾದರೊಂದು ಹೇಳಿದರೆ 'ಭೇಷ್' ಅಂತೀರಿ. ನಾನು ನಿಮ್ಮಿಂದ ಕೇಳಿ ಕಲಿತವನು. ಇದನ್ನೂ ನಿಮ್ಮಿಂದಲೇ ಕಲಿತೆ."

ಹಂದಿ ಕೆಮ್ಮಿದ. ನವಿಲಕ್ಕನಿಗೆ ಜೋರಾಗಿ ಬೈದವನು ಅವನೇ.

"ಹಾಗಾದರೆ ಕೊಕ್ಕು ಕಟ್ಟೋದು ಬೇಡ," ಅಂದಳು ಮೊಲಮ್ಮ. "ಕಂಡಿದ್ದರೆ 'ಕಂಡೆ' ಅನ್ನಲಿ. ಯಾರೋ ಹೇಳಿದ್ದಾದರೆ ಅವರ ಹೆಸರು ಹೇಳಲಿ. ಎರಡೂ ಅಲ್ಲದಿದ್ದರೆ 'ಗೊತ್ತಿಲ್ಲ' ಅನ್ನಲಿ."

"ಗೊತ್ತಿಲ್ಲ ಅಂದವನನ್ನು ಬೈದವರು ಮೂರು ದಿನ ಬಾಯಿ ಮುಚ್ಚಿಕೊಂಡಿರಲಿ," ಅಂತ ಸೇರಿಸಿದರು ಕೊಕ್ಕರೆ ಪಂಡಿತರು. ಒಳ್ಳೆಯ ಮಾತೇ ಆಡಿದರು, ಸುಳ್ಳು ಯಾಕೆ ಹೇಳಲಿ.

ಗೂಬೆಯಜ್ಜನಿಗೆ ಈಗ ಪೂರ್ತಿ ಎಚ್ಚರ. "ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಅಂತಾರೆ ಹಿರಿಯರು. ಒಬ್ಬನ ಗಂಟಲಿಗೆ ಕಾಡನ್ನೆಲ್ಲ ಕಟ್ಟಬಾರದು. ಮುಸುವ, ಎದ್ದು ಕಾವಲಿಗೆ ಕೂರು. ಜಿಂಕೆ, ಗಾಳಿ ಮೂಸು. ನಿಯಮ ತಪ್ಪಿತು ಅನಿಸಿದರೆ ಮತ್ತೆ ಸೇರೋಣ. ಇಲ್ಲೇ, ನೆಲದ ಮೇಲೆ."

"ಅಯ್ಯೋ ನನ್ನ ನಿದ್ದೆ!" ಅಂತ ಮುಸುವ ಗೊಣಗುತ್ತಲೇ ಮರ ಹತ್ತಿದ.

ಮೊಲಮ್ಮನಿಗೆ ಕಾಯಲು ಹೊತ್ತಿರಲಿಲ್ಲ. "ಕಾಜಾಣಣ್ಣ, ಮತ್ತೆ ಕೇಳ್ತೀನಿ. ಚಿರತೆ ಇದೆಯಾ?"

ಕಾಜಾಣ ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ.

"ಗೊ... ಗೊತ್ತಿಲ್ಲ."

ಹಂದಿಯ ಬಾಯಿಗೆ ಬೈಗುಳ ಬಂದೇಬಿಟ್ಟಿತ್ತು. ಮುಳ್ಳುಹಂದಿ ಪಕ್ಕದಿಂದ ಒಂದು ಮುಳ್ಳು ತಾಗಿಸಿದ್ದಕ್ಕೆ ನುಂಗಿಕೊಂಡ.

"ಸರಿ, ನೋಡಿ ಬಾ," ಅಂದಳು ಮೊಲಮ್ಮ.

ಕಾಜಾಣ ಹಾರಿದ. ಮುಸುವ ತುದಿಯಲ್ಲಿ ನಿಂತು ಕಣ್ಣು ಕಿರಿದು ಮಾಡಿದ. ಜಿಂಕೆ ಮೂಗರಳಿಸಿತು. ಒಂದೇ ಉಸಿರಿಗೆ ಮೂರು ಕಡೆಯಿಂದ ಕೂಗು ಎದ್ದಿತು.

"ಕಂಡೆ! ಲಂಟಾನ ಪೊದೆಯ ಹಿಂದೆ!"

"ನನಗೂ ಕಂಡಿತು, ಬಾಲದ ತುದಿ!"

"ನಾತ ಬರ್ತಿದೆ, ನಾತ!"

ಕದ್ದು ಕೂತವನ ಬಲವೆಲ್ಲ ಕದ್ದು ಕೂತಿರುವವರೆಗೆ ಮಾತ್ರ. ಕಾಡೆಲ್ಲ ತನ್ನ ಕಡೆಗೇ ನೋಡುತ್ತಿದೆ ಅಂತ ಗೊತ್ತಾದದ್ದೇ ಚಿರತೆ ಎದ್ದು, ಮೈ ಕೊಡವಿ, "ಇಲ್ಲಿ ಮರ್ಯಾದಸ್ಥರು ಬೇಟೆ ಆಡೋ ಹಾಗೇ ಇಲ್ಲ" ಅಂತ ಗುಡ್ಡದ ಕಡೆ ನಡೆಯಿತು. ಅದು ಗುಡ್ಡ ದಾಟುವವರೆಗೂ ಮುಸುವ ಕೂಗುತ್ತಲೇ ಇದ್ದ.

ಮೊಲಮ್ಮ ನೀರು ಕುಡಿದಳು. ಹೊಟ್ಟೆ ಗುಡುಗುಡು ಅನ್ನುವಷ್ಟು ಕುಡಿದಳು. ಆಮೇಲೆ ಒಂದೇ ಓಟಕ್ಕೆ ಹುಲ್ಲಿನೊಳಗೆ ಹೋದಳು. ಕಾಡು ಕಿವಿಗೊಟ್ಟು ನಿಂತಿತು. ಮರಿಗಳ ಸದ್ದಿಲ್ಲ. ಹಂದಿ ಕೂಡ ಅಗಿಯುವುದನ್ನು ನಿಲ್ಲಿಸಿದ.

ಕಾಜಾಣ ಹುಲ್ಲಿನ ಮೇಲೆ ಒಂದು ಸುತ್ತು ಹಾರಿ ಬಂದ. ಈ ಸಲ ಯಾರ ದನಿಯನ್ನೂ ಎರವಲು ತರಲಿಲ್ಲ. ತನ್ನದೇ ದನಿಯಲ್ಲಿ ಹೇಳಿದ:

"ನಾಲ್ಕೂ ಹಾಲು ಕುಡೀತಿವೆ. ಕಂಡೆ."

ನೀತಿ: ಕೇಳಿ ಕಲಿತು ಮಾತಾಡುವುದು ಹಕ್ಕಿಯಾಗಲಿ, ಯಂತ್ರವಾಗಲಿ, ಅದಕ್ಕೆ "ಗೊತ್ತಿಲ್ಲ" ಅನ್ನುವುದನ್ನೂ ಕಲಿಸಿ. ಅದಕ್ಕೆ ನಿಯಮ ಮಾಡುವಾಗ, ಅದು ತಪ್ಪಿದರೆ ಪೆಟ್ಟು ತಿನ್ನುವವರ ನಡುವೆ ಕೂತು ಮಾಡಿ.