ಹಾಲವ್ವ ತೊಳೆದ ಗಾಜಿನ ಕೊಳವೆ

ದಾವಣಗೆರೆಯ ಒಂದು ಕಾಲೇಜಿನ ಲ್ಯಾಬಿನಲ್ಲಿ ಹಾಲವ್ವ ಹನ್ನೊಂದು ವರ್ಷದಿಂದ ಗಾಜಿನ ಕೊಳವೆ ತೊಳೆಯುತ್ತಿದ್ದಳು. ಒಂದು ದಿನವೂ ಯಾರೂ ಅವಳ ಕೆಲಸದಲ್ಲಿ ಕೊಂಕು ತೆಗೆದಿರಲಿಲ್ಲ.

ಅಲ್ಲಿನ ಪ್ರೊಫೆಸರ್ ಚಂದ್ರಮೌಳಿ ಬಣ್ಣ ಬದಲಿಸುವ ಹೊಸದೊಂದು ಕಾಗದದ ಪಟ್ಟಿ ಮಾಡಿದ್ದರು. ನೀರಿನಲ್ಲಿ ಉಪ್ಪಿನ ಸೋಡಿಯಂ ಇದ್ದರೆ ಹಳದಿ ಪಟ್ಟಿ ನೀಲಿಯಾಗಬೇಕು. ಇಲ್ಲದಿದ್ದರೆ ಹಳದಿಯಾಗಿಯೇ ಉಳಿಯಬೇಕು. ಆದರೆ ಅವರು ಅದ್ದಿದ್ದೆಲ್ಲ ನೀಲಿ. ಬರೀ ಶುದ್ಧ ನೀರಿನಲ್ಲೂ ನೀಲಿ!

ತಪ್ಪು ಯಾರದು? ತೊಳೆಯುವವಳದ್ದೇ, ಮತ್ತಿನ್ಯಾರದು! ಪ್ರೊಫೆಸರು ಪ್ರಿನ್ಸಿಪಾಲರನ್ನೇ ಲ್ಯಾಬಿಗೆ ಕರೆತಂದು ಕೂಗಾಡಿದರು.

"ಈಯಮ್ಮ ಕೊಳವೆ ನೆಟ್ಟಗೆ ತೊಳೆಯಲ್ಲ. ಉಪ್ಪು ತಿಂದವರು ನೀರು ಕುಡೀಲೇಬೇಕು. ಇವತ್ತೇ ಕೆಲಸದಿಂದ ತೆಗೀರಿ!"

ಹಾಲವ್ವನಿಗೆ ಮೈಯೆಲ್ಲ ಉರಿದುಹೋಯಿತು. ಅವರೆದುರೇ ಎರಡು ಕೊಳವೆ ತೊಳೆದಳು. ಒಂದೇ ಬಾಟಲಿಯಿಂದ ಎರಡಕ್ಕೂ ಶುದ್ಧ ನೀರು ಸುರಿದಳು. ಚಿಮಟದಲ್ಲಿ ಪಟ್ಟಿ ಹಿಡಿದು ಒಂದರಲ್ಲಿ ಅದ್ದಿದಳು. ಪಟ್ಟಿ ಹಳದಿಯಾಗಿಯೇ ಉಳಿಯಿತು.

"ಇನ್ನೊಂದ್ರಲ್ಲಿ ನೀವೇ ಅದ್ದಿ ಸರ್. ದಿನಾ ಹೆಂಗೆ ಅದ್ದುತ್ತೀರೋ ಹಂಗೇ."

ಪ್ರೊಫೆಸರು ತಿನ್ನುತ್ತಿದ್ದ ಖಾರ ಮಂಡಕ್ಕಿ ಪೊಟ್ಟಣವನ್ನು ಮೇಜಿನ ಮೇಲಿಟ್ಟರು. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. ಎರಡು ಬೆರಳಲ್ಲಿ ಪಟ್ಟಿಯ ತುದಿ ಹಿಡಿದು, ಬೆರಳ ಸಮೇತ ಅದ್ದಿದರು. ಕಡುನೀಲಿ!

"ಎರಡೂ ಕೊಳವೆ ನಾನೇ ತೊಳೆದಿದ್ದು ಸರ್. ಇನ್ನು ನಿಮ್ಮ ಬೆರಳೂ ನಾನೇ ತೊಳೀಬೇಕಾ?" ಎಂದಳು ಹಾಲವ್ವ.

ಪ್ರಿನ್ಸಿಪಾಲರು ಮಂಡಕ್ಕಿ ಪೊಟ್ಟಣವನ್ನೇ ದಿಟ್ಟಿಸಿದರು. ಪ್ರೊಫೆಸರು ಉಪ್ಪುಖಾರ ಅಂಟಿದ ಬೆರಳನ್ನು ಮತ್ತೆ ಪ್ಯಾಂಟಿಗೆ ಒರೆಸಿಕೊಂಡರು.

ಹಾಲವ್ವ ಒಂದು ಲೋಟ ತುಂಬ ನೀರು ತಂದು ಅವರ ಮುಂದೆ ಕುಕ್ಕಿದಳು.

"ಕುಡೀರಿ."